ತಗಡಿನ ಬ್ಯಾಜುಗಳ ಕುರಿತು ಗೆಳೆಯನಿಗೊಂದು ಪತ್ರ

ಅಡಿಲೇಡ್

ಪ್ರಿಯ ಗೆಳೆಯಾ,

ಯುದ್ಧದ ಪದಕಗಳನ್ನು ಬಿಟ್ಟು, ಬೀದಿಯಲ್ಲಿ ಚಿಲ್ಲರೆ ಕಾಸಿಗೆ ಮಾರಿದ ತಗಡಿನ ಬ್ಯಾಜುಗಳ ಬೆನ್ನು ಹತ್ತಿರುವುದೇಕೆಂದು ನೀನು ಕೇಳಿದ್ದೆ. ಪದಕವು ರಣರಂಗಕ್ಕೆ ಹೋದವನ ವಿಷಯ ಹೇಳುತ್ತದೆ. ನನಗೆ ಕುತೂಹಲವಿರುವುದು ಊರಿನಲ್ಲಿ ಉಳಿದವರ ಬಗ್ಗೆ.

ಮೊದಲ ಮಹಾಯುದ್ಧದ ವೇಳೆಗೆ ಆಸ್ಟ್ರೇಲಿಯಾದ ಜನಸಂಖ್ಯೆ 50 ಲಕ್ಷವನ್ನೂ ಮುಟ್ಟಿರಲಿಲ್ಲ. ಅದರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಸೇನೆ ಸೇರಿದರು. ಗಾಯಾಳುಗಳ ಆರೈಕೆಗೆ, ಬೆಲ್ಜಿಯಂನ ಸಂತ್ರಸ್ತರಿಗೆ, ರೆಡ್ ಕ್ರಾಸ್‌ಗೆ ಎಂದು ಒಂದೊಂದು ದಿನ ಗೊತ್ತುಮಾಡಿ ಬ್ಯಾಜು ಮಾರುತ್ತಿದ್ದರು. ಈಗ ಇಲ್ಲಿನ ರಾಷ್ಟ್ರೀಯ ದಿನವಾದ ಜನವರಿ 26ಕ್ಕೆ ಅಂಟಿಕೊಂಡಿರುವ ‘ಆಸ್ಟ್ರೇಲಿಯಾ ಡೇ’ ಎಂಬ ಹೆಸರನ್ನು 1915ರ ಜುಲೈ 30ರಂದು ನಡೆದ ಇಂಥದೇ ಚಂದಾ ದಿನಕ್ಕೆ ಇಟ್ಟಿದ್ದರೆಂದರೆ ಇಲ್ಲಿಯವರೇ ಅನೇಕರು ನಂಬುವುದಿಲ್ಲ. ಅದೇ ಜುಲೈ 2ರಂದು ನಮ್ಮ ಅಡಿಲೇಡ್‌ನಲ್ಲಿ, ಅಲೆಕ್ಸಾಂಡ್ರಿನ್ ಸೀಗರ್ ಎಂಬಾಕೆ ಸೈನಿಕರ ನೆರವಿಗೆಂದು ಕಟ್ಟಿದ ಚಿಯರ್-ಅಪ್ ಸೊಸೈಟಿಯು ಮಡಿದವರ ನೆನಪಿಗಾಗಿ ವಯೊಲೆಟ್ ಹೂಗೊಂಚಲುಗಳನ್ನು ಮಾರಿ ‘ವಯೊಲೆಟ್ ಡೇ’ ಆರಂಭಿಸಿತು.

ಬ್ಯಾಜಿನ ರಚನೆ ಸರಳ: ಉಬ್ಬು ತಗಡಿನ ಮೇಲೆ ಮುದ್ರಿತ ಕಾಗದ, ಅದರ ಮೇಲೆ ತೆಳುವಾದ ಸೆಲ್ಯುಲಾಯ್ಡ್ (ಪಾರದರ್ಶಕ ಪ್ಲಾಸ್ಟಿಕ್) ಹಾಳೆ, ಎರಡನ್ನೂ ಬಿಗಿಹಿಡಿಯಲು ಹಿಂದಿನಿಂದ ಒತ್ತಿದ ಲೋಹದ ಉಂಗುರ, ಅದಕ್ಕೊಂದು ಪಿನ್ನು. ನಾನು ಮೊದಲು ನೋಡುವುದು ಚಿತ್ರವನ್ನಲ್ಲ, ಅಂಚನ್ನು. ಭೂತಗನ್ನಡಿ ಹಿಡಿದರೆ ನಾರ್ತ್ ಅಡಿಲೇಡ್‌ನ ಎ. ಡಬ್ಲ್ಯು. ಪ್ಯಾಟ್ರಿಕ್‌ನಂಥ ತಯಾರಕರ ಹೆಸರು ಇರುವೆಸಾಲಿನಂತೆ ಕಾಣುತ್ತದೆ. ತೇವ ತಗುಲಿದ್ದರೆ ಕೆಳಗಿನ ತಗಡು ತುಕ್ಕು ಹಿಡಿದು ಕಾಗದದ ಮೇಲೆ ಕಂದು ಚುಕ್ಕೆಗಳು ಮೂಡಿರುತ್ತವೆ. ಅದನ್ನು ತೊಳೆಯಲು ಹೋದವನು ಬ್ಯಾಜನ್ನೇ ಕಳೆದುಕೊಂಡಂತೆ.

ಎದೆಯ ಮೇಲಿನ ಬ್ಯಾಜು ಅಂದು ರಸೀದಿಯೂ ಆಗಿತ್ತು. ಧರಿಸಿದವನನ್ನು ಡಬ್ಬಿ ಹಿಡಿದ ಸ್ವಯಂಸೇವಕಿಯರು ತಡೆಯುತ್ತಿರಲಿಲ್ಲ; ಬರಿಯ ಅಂಗಿಯಲ್ಲಿ ಹೊರಟವನು ಬೀದಿಬೀದಿಗೂ ನಿಂತು ಸಬೂಬು ಹೇಳಬೇಕಾಗಿತ್ತು. ಆದ್ದರಿಂದ ಇದೆಲ್ಲವನ್ನೂ ಒಲಿದು ಕೊಟ್ಟ ದಾನವೆಂದು ಕೊಂಡಾಡುವ ಸಂಗ್ರಾಹಕರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಕಡ್ಡಾಯ ಸೇನಾಭರ್ತಿಯ ಪ್ರಸ್ತಾವವನ್ನು 1916ರಲ್ಲೂ 1917ರಲ್ಲೂ ಮತದಾರರು ತಳ್ಳಿಹಾಕಿದರು. ಅಷ್ಟು ದೊಡ್ಡ ಭಿನ್ನಮತದ ಸುಳಿವು ನನ್ನಲ್ಲಿರುವ ಒಂದು ಬ್ಯಾಜಿನಲ್ಲೂ ಇಲ್ಲ. ಹಾಗಿದ್ದರೂ ಆ ದಿನಕ್ಕಷ್ಟೇ ಬೇಕಿದ್ದ ವಸ್ತುವನ್ನು ಯಾರೋ ಎಸೆಯದೆ ಹೊಲಿಗೆಪೆಟ್ಟಿಗೆಯಲ್ಲಿಟ್ಟರಲ್ಲ, ಅದಕ್ಕೆ ನಾನು ಋಣಿ.

ನಮ್ಮ ಭಾರತದಲ್ಲಿಯೂ 1949ರಿಂದ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಕೆಂಪು, ಕಡುನೀಲಿ, ತಿಳಿನೀಲಿ ಪಟ್ಟೆಗಳ ಆ ಪುಟ್ಟ ಧ್ವಜಗಳನ್ನು ಶಾಲೆಯಲ್ಲಿ ನಾವೂ ಕೊಂಡಿದ್ದೆವು. ನಿನ್ನ ಹಳೆಯ ಪುಸ್ತಕಗಳ ನಡುವೆ ಒಂದಾದರೂ ಉಳಿದಿದ್ದರೆ, ಪಿನ್ನು ತೆಗೆದು, ಎರಡು ರಟ್ಟುಗಳ ನಡುವೆ ಇರಿಸಿ ಕಳುಹಿಸಿಕೊಡು. ಅಂಟು ಮಾತ್ರ ತಾಗಿಸಬೇಡ.

ಇತಿ ನಿನ್ನ ಗೆಳೆಯ