ಸರ್ವರ್ ಹಾಕುವ ಮೊದಲು ಹೊರಡುವ ದಾರಿ ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ಕಂಪನಿಗಳ ಕೈಯಲ್ಲಿರುವ ಸಾಮಾಜಿಕ ಜಾಲತಾಣಗಳ ಬಗ್ಗೆ ಅಸಮಾಧಾನ ಎದ್ದಾಗಲೆಲ್ಲ 'ನಮ್ಮದೇ ಒಂದು ಆ್ಯಪ್ ಕಟ್ಟೋಣ' ಎಂಬ ಮಾತು ಕೇಳಿಬರುತ್ತದೆ. ಕಟ್ಟುವ ಕೆಲಸ ಬಹುಪಾಲು ಮುಗಿದಿದೆ. ಒಂದು ಸರ್ವರ್‌ನವರು (ಸರ್ವರ್ ಎಂದರೆ ತಾಣವನ್ನು ನಡೆಸುವ ಕಂಪ್ಯೂಟರ್) ಇನ್ನೊಂದು ಸರ್ವರ್‌ನವರ ಪೋಸ್ಟ್ ಓದಿ ಉತ್ತರಿಸಲು ಬೇಕಾದ ಆ್ಯಕ್ಟಿವಿಟಿಪಬ್ ಎಂಬ ಮುಕ್ತ ಪ್ರೋಟೊಕಾಲನ್ನು, ಅಂದರೆ ಸರ್ವರ್‌ಗಳು ಪರಸ್ಪರ ಮಾತಾಡುವ ನಿಯಮಗಳನ್ನು, ವೆಬ್‌ನ ಮಾನದಂಡ ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2018ರ ಜನವರಿಯಲ್ಲೇ ಅಂಗೀಕರಿಸಿದೆ. ಕಿರುಬರಹಕ್ಕೆ ಮ್ಯಾಸ್ಟೊಡಾನ್, ಫೋಟೊಗೆ ಪಿಕ್ಸೆಲ್‌ಫೆಡ್, ವಿಡಿಯೊಗೆ ಪೀರ್‌ಟ್ಯೂಬ್, ಚರ್ಚೆಗೆ ಲೆಮ್ಮಿ ಇವೆ. ಎಲ್ಲವೂ ಮುಕ್ತ ತಂತ್ರಾಂಶ, ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ಹಾಕಿ ನಡೆಸಬಹುದು. ಕೊರತೆ ಇರುವುದು ಇವನ್ನು ವರ್ಷಗಟ್ಟಲೆ ನಡೆಸಿಕೊಂಡು ಹೋಗುವವರದು.

ಸರ್ವರ್ ಹಾಕುವವರು ಮೊದಲ ದಿನವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನಾಳೆ ಇದು ಮುಚ್ಚಿದರೆ, ಇಲ್ಲವೇ ಅದನ್ನು ನೋಡಿಕೊಳ್ಳುವ ಅಡ್ಮಿನ್ ಜತೆ ಮನಸ್ತಾಪವಾದರೆ, ಬಳಕೆದಾರ ಏನನ್ನು ಎತ್ತಿಕೊಂಡು ಹೋಗಬಹುದು? ಇದಕ್ಕೆ ಉತ್ತರವಿಲ್ಲದ ಜಾಲ ಎಷ್ಟೇ ಮುಕ್ತ ಎಂದುಕೊಂಡರೂ ಕಂಪನಿಯದಕ್ಕಿಂತ ಚಿಕ್ಕ ಬೇಲಿ, ಅಷ್ಟೆ.

ಮ್ಯಾಸ್ಟೊಡಾನ್‌ನಲ್ಲಿ ಖಾತೆ ಬದಲಿಸುವವರು ಮೊದಲು ಹೊಸ ಸರ್ವರ್‌ನಲ್ಲಿ ಖಾತೆ ತೆರೆದು, ಅದರ ಸೆಟ್ಟಿಂಗ್ಸ್‌ನಲ್ಲಿ ಹಳೆಯ ವಿಳಾಸವನ್ನು ಅಲಿಯಾಸ್ (ಇದೂ ನನ್ನದೇ ಎಂದು ಸಾರುವ ಇನ್ನೊಂದು ಹೆಸರು) ಆಗಿ ಸೇರಿಸಬೇಕು. ಆಮೇಲೆ ಹಳೆಯ ಖಾತೆಗೆ ಬಂದು ಹೊಸ ವಿಳಾಸ, ಪಾಸ್‌ವರ್ಡ್ ಕೊಟ್ಟು 'ಮೂವ್' ಮಾಡಬೇಕು. ಹಳೆಯ ಸರ್ವರ್ ತನ್ನ ಡಿಜಿಟಲ್ ಸಹಿ ಹಾಕಿದ ಸಂದೇಶವನ್ನು ಫಾಲೋವರ್‌ಗಳ ಸರ್ವರ್‌ಗಳಿಗೆ ಕಳಿಸುತ್ತದೆ. ಅವು ಅಲಿಯಾಸ್ ತಾಳೆ ನೋಡಿ ಫಾಲೋವರ್‌ಗಳನ್ನು ಹೊಸ ಖಾತೆಗೆ ಸೇರಿಸುತ್ತವೆ. ಯಾರನ್ನು ಫಾಲೋ ಮಾಡುತ್ತಿದ್ದೀರಿ, ಯಾರನ್ನು ಬ್ಲಾಕ್ ಮಾಡಿದ್ದೀರಿ ಎಂಬ ಪಟ್ಟಿಗಳನ್ನು ಸಿಎಸ್‌ವಿ ಎಂಬ ಸರಳ ಪಠ್ಯದ ಫೈಲ್ ಆಗಿ ಇಳಿಸಿಕೊಂಡು ಹೊಸ ಕಡೆ ಏರಿಸಬೇಕು. ಪೋಸ್ಟ್‌ಗಳು ಬರುವುದಿಲ್ಲ. ಒಮ್ಮೆ ಹೋದ ಮೇಲೆ 30 ದಿನ ಮತ್ತೆ ಬದಲಿಸುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಹಳೆಯ ಸರ್ವರ್ ಬದುಕಿರಬೇಕು. ಅದು ಸತ್ತರೆ ಸಂದೇಶಕ್ಕೆ ಸಹಿ ಹಾಕುವವರೇ ಇಲ್ಲ, ಫಾಲೋವರ್‌ಗಳೆಲ್ಲ ಹೋದಂತೆಯೇ. ಮ್ಯಾಸ್ಟೊಡಾನ್ ತನ್ನ ತಾಣದಲ್ಲಿ ಪಟ್ಟಿ ಮಾಡುವ ಸರ್ವರ್‌ಗಳಿಂದ ಮುಚ್ಚುವ ಮುನ್ನ 3 ತಿಂಗಳ ನೋಟಿಸ್, ದಿನವೂ ಬ್ಯಾಕಪ್, ತುರ್ತಿಗೆ ಸರ್ವರ್ ಒಳಹೊಕ್ಕಬಲ್ಲ ಇನ್ನೊಬ್ಬ ವ್ಯಕ್ತಿ, ಇಷ್ಟನ್ನು ಕೇಳುವುದು ಅದಕ್ಕೇ. ಸೇರುವವರು ಕೂಡ ಆ ಇನ್ನೊಬ್ಬ ವ್ಯಕ್ತಿ ಯಾರೆಂದು ವಿಚಾರಿಸಿಕೊಳ್ಳಬೇಕು.

ಡೊಮೇನ್ ಹೆಸರನ್ನು, ಅಂದರೆ ಸರ್ವರ್‌ನ ಜಾಲವಿಳಾಸವನ್ನು, ಅವಸರದಲ್ಲಿ ಆರಿಸಬೇಡಿ. ಪ್ರತಿ ಖಾತೆಯ, ಪ್ರತಿ ಪೋಸ್ಟಿನ ಗುರುತೂ ಆ ಹೆಸರನ್ನೊಳಗೊಂಡ ವಿಳಾಸವೇ. ಬೇರೆ ಸರ್ವರ್‌ಗಳು ಅದನ್ನೇ ದಾಖಲಿಸಿಕೊಂಡಿರುತ್ತವೆ. ಹೆಸರು ಬದಲಿಸಿದರೆ ಜಗತ್ತಿನ ಪಾಲಿಗೆ ನೀವು ಹೊಸಬರು. ಚಂದ ಕಾಣುತ್ತದೆಂದು ಯಾವುದೋ ದೇಶದ ವಿಸ್ತರಣೆ (ಹೆಸರಿನ ಕೊನೆಯ ತುಣುಕು) ಕೊಳ್ಳುವವರಿಗೆ ಒಂದು ಉದಾಹರಣೆ: ಅಫ್ಗಾನಿಸ್ತಾನದ 'ಎಎಫ್' ವಿಸ್ತರಣೆ ಇಟ್ಟುಕೊಂಡಿದ್ದ 'ಕ್ವಿಯರ್ ಡಾಟ್ ಎಎಫ್' ಎಂಬ ಮ್ಯಾಸ್ಟೊಡಾನ್ ಸರ್ವರ್‌ನ ಹೆಸರನ್ನು 2024ರ ಫೆಬ್ರುವರಿಯಲ್ಲಿ ತಾಲಿಬಾನ್ ಆಡಳಿತ ಅಮಾನತು ಮಾಡಿತು.

ಯಂತ್ರದ ವಿಷಯ ಅಷ್ಟು ಕಷ್ಟದ್ದಲ್ಲ. ಹತ್ತಾರು ಜನರ ಮ್ಯಾಸ್ಟೊಡಾನ್‌ಗೆ 2 ಕೋರ್, 4 ಜಿಬಿ ರ್‍ಯಾಮ್ ಸಾಕು. ಡಿಸ್ಕ್ ಮಾತ್ರ ನಿಮ್ಮ ಬಳಕೆದಾರರು ಹಾಕುವ ಚಿತ್ರಗಳಿಗಿಂತ ಹೆಚ್ಚಾಗಿ ಅವರು ಫಾಲೋ ಮಾಡುವ ಹೊರಗಿನವರ ಚಿತ್ರ, ವಿಡಿಯೊಗಳಿಂದ ತುಂಬುತ್ತದೆ. ಎಲ್ಲದರ ಒಂದೊಂದು ಪ್ರತಿ ನಿಮ್ಮಲ್ಲಿ ಬಂದು ಕೂರುತ್ತದೆ. ಡಿಸ್ಕ್ ತುಂಬಿದ ಕ್ಷಣ, ಖಾತೆ ಮತ್ತು ಪೋಸ್ಟ್‌ಗಳನ್ನು ಹಿಡಿದಿಡುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬರೆಯುವುದನ್ನು ನಿಲ್ಲಿಸಿ ತಾಣವೇ ಮಲಗುತ್ತದೆ. ಅಡ್ಮಿನ್ ಪುಟದಲ್ಲಿ ಮೀಡಿಯಾ ಕ್ಯಾಷ್ (ಈ ತಾತ್ಕಾಲಿಕ ಪ್ರತಿಗಳ ಸಂಗ್ರಹ) ಅವಧಿಯನ್ನು 7 ದಿನಕ್ಕೆ ಇಟ್ಟರೆ ಹಳೆಯ ಪ್ರತಿಗಳು ತಾವಾಗಿ ಅಳಿಯುತ್ತವೆ, ಬೇಕೆಂದಾಗ ಮೂಲ ಸರ್ವರ್‌ನಿಂದ ಮತ್ತೆ ತರಿಸಿಕೊಳ್ಳಬಹುದು. ಅದೇ ಪುಟದಲ್ಲಿ ಹೊರಗಿನ ಪೋಸ್ಟ್‌ಗಳನ್ನು ಇಷ್ಟು ದಿನದ ಮೇಲೆ ಅಳಿಸು ಎನ್ನುವ ಇನ್ನೊಂದು ಸೆಟ್ಟಿಂಗ್ ಇದೆ. ಅದನ್ನು ಮುಟ್ಟಬೇಡಿ. ನಿಮ್ಮವರು ಬುಕ್‌ಮಾರ್ಕ್ ಮಾಡಿಟ್ಟದ್ದೂ ಅದರೊಂದಿಗೆ ಹೋಗುತ್ತದೆ, ಮರಳಿ ಬಾರದು.

ಪೋಸ್ಟ್ ತಡವಾಗಿ ತಲುಪುತ್ತಿದೆ ಎಂಬ ದೂರು ಬಂದರೆ, ಹಿನ್ನೆಲೆ ಕೆಲಸಗಳನ್ನು ಸಾಲಾಗಿ ಮಾಡಿಸುವ ಸೈಡ್‌ಕಿಕ್‌ನ ಸರದಿ ನೋಡಿ. ಪೋಸ್ಟ್ ಹಾಕಿದವರಿಗೆ 300 ಸರ್ವರ್‌ಗಳಲ್ಲಿ ಫಾಲೋವರ್‌ಗಳಿದ್ದರೆ ಸುಮಾರು ಅಷ್ಟೇ ರವಾನೆಗಳು ಸಾಲುಗಟ್ಟುತ್ತವೆ. ಏಕಕಾಲಕ್ಕೆ ಕೆಲಸ ಮಾಡುವ ಥ್ರೆಡ್‌ಗಳನ್ನು ಸುಮ್ಮನೆ ಏರಿಸುತ್ತ ಹೋಗುವುದು ಸಾಮಾನ್ಯ ತಪ್ಪು. ಪ್ರತಿ ಥ್ರೆಡ್‌ಗೂ ಡೇಟಾಬೇಸ್ ಸಂಪರ್ಕ ಬೇಕು, ಪೋಸ್ಟ್‌ಗ್ರೆಸ್ ತಾನಾಗಿ ಕೊಡುವುದು 100 ಸಂಪರ್ಕಗಳನ್ನು ಮಾತ್ರ. ಅದರಾಚೆಗೆ ಇರುವ ಸಂಪರ್ಕಗಳನ್ನೇ ಹಂಚಿಕೊಡುವ ಪಿಜಿಬೌನ್ಸರ್ ಹಾಕಿಕೊಳ್ಳಬೇಕು. ನಿಗದಿತ ಸಮಯದ ಕೆಲಸಗಳ ಶೆಡ್ಯೂಲರ್ ಸರದಿ ಒಂದೇ ಪ್ರೋಸೆಸ್‌ನಲ್ಲಿ ಓಡಬೇಕು. ಯಂತ್ರದ ಗಡಿಯಾರ ಸರಿ ಇದೆಯೇ ಎಂದೂ ನೋಡಿ, ಸಮಯ ಬಹಳ ಆಚೀಚೆಯಾದರೆ ಸಹಿಗಳೆಲ್ಲ ತಿರಸ್ಕೃತವಾಗುತ್ತವೆ.

ಬ್ಯಾಕಪ್ ಎಂದರೆ ಡೇಟಾಬೇಸ್, ಬಳಕೆದಾರರ ಫೈಲ್‌ಗಳು ಮತ್ತು ರಹಸ್ಯ ಕೀಗಳಿರುವ ಸೆಟ್ಟಿಂಗ್ಸ್ ಫೈಲ್. ಮೂರನೆಯದನ್ನು ಮರೆಯುವವರೇ ಹೆಚ್ಚು. ಅದಿಲ್ಲದೆ ಡೇಟಾಬೇಸ್ ಮರಳಿಸಿದರೂ ಎರಡು ಹಂತದ ಲಾಗಿನ್ ಇಟ್ಟವರು ಹೊರಗುಳಿಯುತ್ತಾರೆ. ಡೇಟಾಬೇಸ್ ಕಳೆದುಕೊಂಡು ಅದೇ ಹೆಸರಿನಲ್ಲಿ ಹೊಸದಾಗಿ ಶುರು ಮಾಡುವುದು ಇನ್ನೂ ಕೆಟ್ಟದ್ದು: ಹೊರಗಿನ ಸರ್ವರ್‌ಗಳ ಬಳಿ ಹಳೆಯ ಖಾತೆಗಳ ಸಹಿ ಪರೀಕ್ಷಿಸುವ ಕೀ ಉಳಿದಿರುತ್ತದೆ, ಹೊಸ ಸಹಿ ತಾಳೆಯಾಗದು. ಪ್ರತಿಯನ್ನು ಬೇರೆ ಕಡೆ ಇಟ್ಟು, ಆಗಾಗ ಬೇರೊಂದು ಯಂತ್ರದಲ್ಲಿ ಮರಳಿಸಿ ನೋಡಬೇಕು.

ನೋಂದಣಿಯನ್ನು ಅನುಮತಿ ಆಧಾರಿತವಾಗಿಡಿ. 2024ರ ಫೆಬ್ರುವರಿಯ ಸ್ಪ್ಯಾಮ್ ದಾಳಿ ನಡೆದದ್ದು ಬಾಗಿಲು ತೆರೆದಿಟ್ಟು ಯಾರೂ ನೋಡಿಕೊಳ್ಳದೆ ಬಿಟ್ಟ ಸಣ್ಣ ಸರ್ವರ್‌ಗಳ ಮೂಲಕ. ಇನ್ನೊಂದು ಸರ್ವರ್‌ನಿಂದ ಕಾಟ ಬಂದರೆ ನೇರ ಸಸ್ಪೆಂಡ್ ಮಾಡದೆ ಮೊದಲು ಲಿಮಿಟ್ ಮಾಡಿ, ಅಂದರೆ ಅಲ್ಲಿನ ಪೋಸ್ಟ್‌ಗಳು ಫಾಲೋ ಮಾಡದವರಿಗೆ ಕಾಣದಂತೆ ಮಾಡಿ. ಸಸ್ಪೆಂಡ್ ಮಾಡಿದರೆ ಎರಡೂ ಕಡೆಯ ಫಾಲೋ ಸಂಬಂಧಗಳು ಕಡಿಯುತ್ತವೆ, ಆದೇಶ ಹಿಂಪಡೆದರೂ ತಾವಾಗಿ ಕೂಡಿಕೊಳ್ಳುವುದಿಲ್ಲ. ಖಾಸಗಿ ಸಂದೇಶಗಳಿಗೆ ಎಂಡ್ ಟು ಎಂಡ್ ಗೂಢಲಿಪಿ ಇಲ್ಲ, ಅಡ್ಮಿನ್ ಮನಸ್ಸು ಮಾಡಿದರೆ ಓದಬಲ್ಲ ಎಂಬುದನ್ನೂ ಸೇರುವವರಿಗೆ ಮೊದಲೇ ಹೇಳಿಬಿಡಬೇಕು.

ಇನ್ನೊಂದು ಸಾಮಾಜಿಕ ಜಾಲವಾದ ಬ್ಲೂಸ್ಕೈ ಬಳಸುವ ಎಟಿ ಪ್ರೋಟೊಕಾಲ್ ಗುರುತನ್ನು ಸರ್ವರ್‌ನಿಂದ ಬೇರ್ಪಡಿಸುತ್ತದೆ, ಹಾಗಾಗಿ ಅಲ್ಲಿ ಪೋಸ್ಟ್‌ಗಳ ಸಮೇತ ಹೊರಡಬಹುದು. ಈ ಒಂದು ವಿಷಯದಲ್ಲಿ ಅದು ಮ್ಯಾಸ್ಟೊಡಾನ್‌ಗಿಂತ ಮೇಲು. ಆದರೆ ಇಡೀ ಜಾಲದ ಪೋಸ್ಟ್‌ಗಳನ್ನು ಒಟ್ಟುಮಾಡಿ ತೋರಿಸುವ ಭಾಗ ಭಾರಿ ಯಂತ್ರ ಬೇಡುತ್ತದೆ, ಹಾಗಾಗಿ ಹೆಚ್ಚಿನವರು ಬ್ಲೂಸ್ಕೈ ಕಂಪನಿಯದನ್ನೇ ನೆಚ್ಚಿಕೊಂಡಿದ್ದಾರೆ. ನಾಸ್ಟರ್ ಎಂಬ ಮತ್ತೊಂದು ಮುಕ್ತ ಜಾಲದಲ್ಲಿ ರಹಸ್ಯ ಕೀ ಕಳೆದರೆ ಖಾತೆ ಕಳೆದಂತೆ, ರೀಸೆಟ್ ಮಾಡಿಕೊಡುವವರಿಲ್ಲ.

ಸ್ವಂತ ಡೊಮೇನ್ ಇರುವ ಪತ್ರಿಕೆಗಳು, ವಿಶ್ವವಿದ್ಯಾಲಯಗಳು ಈ ಕೆಲಸ ಆರಂಭಿಸುವುದೇ ಸೂಕ್ತ. ಸಂಸ್ಥೆಯ ಹೆಸರಿನಲ್ಲೇ ವಿಳಾಸ ಸಿಗುವುದರಿಂದ ಇದು ನಿಜವಾದ ಖಾತೆಯೇ ಎಂದು ಯಾರೂ ಕೇಳಬೇಕಾಗಿಲ್ಲ. ತಾಣ ವರ್ಡ್‌ಪ್ರೆಸ್‌ನಲ್ಲಿದ್ದರೆ ಆ್ಯಕ್ಟಿವಿಟಿಪಬ್ ಪ್ಲಗಿನ್ (ಹೆಚ್ಚುವರಿಯಾಗಿ ಸೇರಿಸುವ ತಂತ್ರಾಂಶದ ತುಣುಕು) ಹಾಕಿದರೆ ಸಾಕು, ಓದುಗರು ಮ್ಯಾಸ್ಟೊಡಾನ್‌ನಿಂದಲೇ ಲೇಖಕರನ್ನು ಫಾಲೋ ಮಾಡಬಹುದು. ಹುಡುಕಿದರೂ ಖಾತೆ ಸಿಗದಿದ್ದರೆ ಎರಡು ಕಡೆ ನೋಡಿ. ವರ್ಡ್‌ಪ್ರೆಸ್ ಉಪಫೋಲ್ಡರ್‌ನಲ್ಲಿದ್ದಾಗ ಖಾತೆ ಹುಡುಕಿಕೊಡುವ ವೆಬ್‌ಫಿಂಗರ್ ವಿಳಾಸವನ್ನು ಡೊಮೇನಿನ ಬುಡದಿಂದ ಅಲ್ಲಿಗೆ ತಿರುಗಿಸಿರಬೇಕು. ಮತ್ತು ಕ್ಯಾಷ್ ಪ್ಲಗಿನ್ ಇನ್ನೊಂದು ಸರ್ವರ್ ಕೇಳಿದ ಜೇಸನ್ (ಯಂತ್ರಗಳು ಓದುವ ಮಾಹಿತಿ) ಬದಲು ಬ್ರೌಸರ್‌ಗೆಂದು ಉಳಿಸಿಟ್ಟ ಎಚ್‌ಟಿಎಂಎಲ್ ಪುಟವನ್ನೇ ಕೊಡುತ್ತಿರಬಾರದು.

ಇತಿ,
ತಮ್ಮ ಓದುಗ