ಪ್ರಭಾರ ಕೊಡುವ ಮೊದಲು ಆದೇಶ ಸರಿಯಾಗಿ ಬರೆಯಿರಿ

ಮಾನ್ಯ ಸಂಪಾದಕರೇ,

ರಾಜ್ಯದ ಹೊಸ ವಿಶ್ವವಿದ್ಯಾಲಯಗಳ ಮಾತು ಬಂದಾಗಲೆಲ್ಲ ಚರ್ಚೆ ‘ಇರಬೇಕೋ, ಮುಚ್ಚಬೇಕೋ’ ಎಂಬಲ್ಲಿಗೇ ಬಂದು ನಿಲ್ಲುತ್ತದೆ. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ವಿ.ವಿ.ಗಳನ್ನು ಮುಚ್ಚುವ ಸಲಹೆ ಮುಂದಿಟ್ಟ ಮೇಲಂತೂ ಬೇರೆ ಪ್ರಶ್ನೆಗಳಿಗೆ ಕಿವಿಗೊಡುವವರೇ ಇಲ್ಲ. ಅಂಥ ಪ್ರಶ್ನೆಗಳಲ್ಲೊಂದು: ಈ ವಿ.ವಿ.ಗಳನ್ನು ದಿನಬೆಳಗಾದರೆ ನಡೆಸುತ್ತಿರುವವರು ಯಾರು, ಅದಕ್ಕೆ ಅವರು ತೆರುತ್ತಿರುವ ಬೆಲೆ ಏನು?

ಹಾಸನದ ಹೇಮಗಂಗೋತ್ರಿ, ಕೊಡಗಿನ ಚಿಕ್ಕಅಳುವಾರ, ಹಾವೇರಿಯ ಕೆರಿಮತ್ತಿಹಳ್ಳಿ, ಬೀದರ್ ಜಿಲ್ಲೆಯ ಹಾಲಹಳ್ಳಿ, ಇವೆಲ್ಲ ಮೊನ್ನೆ ಮೊನ್ನೆಯವರೆಗೆ ಮೈಸೂರು, ಮಂಗಳೂರು, ಧಾರವಾಡ, ಕಲಬುರಗಿಯ ವಿ.ವಿ.ಗಳ ಸ್ನಾತಕೋತ್ತರ ಕೇಂದ್ರಗಳಾಗಿದ್ದವು. ಕೇಂದ್ರಕ್ಕೆ ಒಬ್ಬ ನಿರ್ದೇಶಕರು, ಒಂದು ಸಣ್ಣ ಕಚೇರಿ ಸಾಕಿತ್ತು. ಪರೀಕ್ಷೆ, ಫಲಿತಾಂಶ, ಲೆಕ್ಕಪತ್ರ ಎಲ್ಲವನ್ನೂ ಮಾತೃ ವಿ.ವಿ. ನೋಡಿಕೊಳ್ಳುತ್ತಿತ್ತು. ನಾಮಫಲಕ ಬದಲಾದ ಮೇಲೆ ಕೆಲಸವೆಲ್ಲ ಇಲ್ಲಿಗೆ ಬಂತು, ಜನ ಬರಲಿಲ್ಲ. ಪಾಠವನ್ನು ಬಹುಪಾಲು ಅತಿಥಿ ಉಪನ್ಯಾಸಕರು ಮಾಡುತ್ತಾರೆ. ಆದರೆ ಕಡತಕ್ಕೆ ಸಹಿ ಹಾಕಲು ಕಾಯಂ ನೌಕರರೇ ಬೇಕು. ಹಾಗಾಗಿ ನಾಲ್ಕೈದು ವರ್ಷ ಸೇವೆಯಾದ ಸಹಾಯಕ ಪ್ರಾಧ್ಯಾಪಕರೊಬ್ಬರು ವಿಭಾಗದ ಸಂಯೋಜಕರೂ ಹೌದು, ಅಧ್ಯಯನ ಮಂಡಳಿಯ ಅಧ್ಯಕ್ಷರೂ ಹೌದು, ಹಾಸ್ಟೆಲ್ ವಾರ್ಡನ್ನೂ ಹೌದು. ಜತೆಗೆ ಪರೀಕ್ಷಾ ವಿಭಾಗದ ‘ವಿಶೇಷಾಧಿಕಾರಿ’ ಎಂಬ ಹಣೆಪಟ್ಟಿ ಬೇರೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನದಂಡದ ಪ್ರಕಾರ ಕುಲಸಚಿವ (ರಿಜಿಸ್ಟ್ರಾರ್) ಹುದ್ದೆಗೆ 11ನೇ ಶೈಕ್ಷಣಿಕ ಹಂತ (ಅಧ್ಯಾಪಕರ ವೇತನ ಶ್ರೇಣಿಯ ಮೆಟ್ಟಿಲು; ಸಹಾಯಕ ಪ್ರಾಧ್ಯಾಪಕರ ಆರಂಭ 10ರಿಂದ) ಅಥವಾ ಅದಕ್ಕೂ ಮೇಲೆ 15 ವರ್ಷದ ಬೋಧನಾನುಭವ ಇರಬೇಕು, ಇಲ್ಲವೇ 12ನೇ ಹಂತ ಅಥವಾ ಅದಕ್ಕೂ ಮೇಲೆ 8 ವರ್ಷದ ಸೇವೆಯ ಜತೆಗೆ ಆಡಳಿತದ ಅನುಭವ ಇರಬೇಕು. ಆ ಹುದ್ದೆಯ ಅರ್ಧ ಕೆಲಸವನ್ನು 10ನೇ ಹಂತದಲ್ಲಿರುವವರು ಹೊರುತ್ತಿದ್ದಾರೆ.

ಕಿರಿಯರಿಗೆ ಹೊಣೆ ಕೊಡುವುದಕ್ಕೆ ನಮ್ಮ ತಕರಾರಿಲ್ಲ. ತಂತ್ರಾಂಶ, ವಿದ್ಯಾರ್ಥಿಗಳ ಅಹವಾಲು, ಹೊಸ ಕೋರ್ಸಿನ ರೂಪುರೇಷೆ ಇವನ್ನು ಅವರು ಎಷ್ಟೋ ಹಿರಿಯರಿಗಿಂತ ಚೆನ್ನಾಗಿ ನಿಭಾಯಿಸುತ್ತಾರೆ. ತೊಂದರೆ ಇರುವುದು ಆ ಹೊಣೆ ಬರುವ ರೀತಿಯಲ್ಲಿ. ‘ಮುಂದಿನ ಆದೇಶದವರೆಗೆ, ತಮ್ಮ ಕರ್ತವ್ಯದ ಜತೆಗೆ, ಹೆಚ್ಚುವರಿಯಾಗಿ’ ಎಂಬ ಒಂದೇ ಸಾಲಿನ ಆದೇಶ ಬರುತ್ತದೆ. ಅದರಲ್ಲಿ ಅವಧಿ ಇರುವುದಿಲ್ಲ, ಅಧಿಕಾರದ ವ್ಯಾಪ್ತಿ ಇರುವುದಿಲ್ಲ, ಪಾಠದ ಹೊರೆ ಇಳಿಸುವ ಮಾತಂತೂ ಇರುವುದೇ ಇಲ್ಲ.

ಇದು ಬಡ್ತಿಗೆ ಹೇಗೆ ಹೊಡೆತ ಕೊಡುತ್ತದೆ ಎಂಬುದನ್ನು ಬಹಳ ಜನ ಲೆಕ್ಕ ಹಾಕಿ ನೋಡಿಲ್ಲ. 2018ರ ಯುಜಿಸಿ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರ ನೇರ ಬೋಧನೆ ವಾರಕ್ಕೆ 16 ಗಂಟೆ. ವಹಿಸಿದ ತರಗತಿಗಳಲ್ಲಿ ಶೇ 80 ಮತ್ತು ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ‘ಉತ್ತಮ’, ಶೇ 70ರಿಂದ 80ರೊಳಗೆ ‘ತೃಪ್ತಿಕರ’, ಅದಕ್ಕಿಂತ ಕೆಳಗಾದರೆ ‘ತೃಪ್ತಿಕರವಲ್ಲ’. ಸಭೆಗಳಿಂದಾಗಿ ವಾರಕ್ಕೆ ಮೂರು ತರಗತಿ ತಪ್ಪಿಹೋದರೆ 13 ಉಳಿಯುತ್ತವೆ, ಅಂದರೆ ಶೇ 81, ಹೇಗೋ ಬಚಾವು. ಐದು ಹೋದರೆ 11 ಉಳಿದು ಶೇ 68.75ಕ್ಕೆ ಇಳಿಯುತ್ತದೆ. ಅಲ್ಲಿಗೆ ಆ ವರ್ಷ ನಷ್ಟ. ಬೆಂಗಳೂರಿನ ಒಂದು ಸಭೆಗೆ ಬೀದರ್‌ನಿಂದ ಹೋಗಿ ಬರುವುದೆಂದರೆ ಎರಡು ದಿನದ ಪಾಠ ಹೋದಂತೆಯೇ ಅಲ್ಲವೇ? ಪಿಎಚ್‌.ಡಿ. ಪಡೆದವರು 10ನೇ ಹಂತದಿಂದ 11ಕ್ಕೆ ಏರಲು ನಾಲ್ಕು ವರ್ಷದ ಸೇವೆ ಬೇಕು, ಅದರಲ್ಲಿ ಕನಿಷ್ಠ ಮೂರು ವರ್ಷದ ವರದಿ ತೃಪ್ತಿಕರ ಇರಬೇಕು. ಒಂದು ವರ್ಷ ಕೈಕೊಟ್ಟರೆ ನಡೆದೀತು. ಎರಡು ವರ್ಷ ಸಂಯೋಜಕರಾಗಿದ್ದು ಎರಡೂ ವರ್ಷ ಪಾಠ ತಪ್ಪಿದರೆ ಬಡ್ತಿ ಮುಂದಕ್ಕೆ ಹೋಯಿತೆಂದೇ ಅರ್ಥ.

ಇದರ ಪರಿಹಾರ ನಿಯಮದೊಳಗೇ ಇದೆ. ಶೇಕಡಾವಾರು ಲೆಕ್ಕ ‘ವಹಿಸಿದ ತರಗತಿ’ಗಳ ಮೇಲೆ. ಆದ್ದರಿಂದ ಸೆಮಿಸ್ಟರ್ ಆರಂಭದಲ್ಲೇ ವೇಳಾಪಟ್ಟಿಯಲ್ಲಿ 16ರ ಬದಲು 10 ಗಂಟೆ ವಹಿಸಿ, ಉಳಿದ 6 ಗಂಟೆಯನ್ನು ಅತಿಥಿ ಉಪನ್ಯಾಸಕರಿಗೆ ಕೊಟ್ಟು, ಆ ಇಳಿಕೆಯನ್ನು ಆದೇಶದಲ್ಲೇ ನಮೂದಿಸಬೇಕು. ಹತ್ತಕ್ಕೆ ಒಂಬತ್ತು ತೆಗೆದುಕೊಂಡರೂ ಶೇ 90 ಆಯಿತು. 16 ಗಂಟೆ ಹಾಗೇ ಬಿಟ್ಟು, ‘ಆಡಳಿತದ ಕೆಲಸ ತಾನೇ, ಪಾಠ ಬಿಟ್ಟರೂ ಯಾರೂ ಕೇಳುವುದಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳುವ ಕುಲಪತಿಗಳು ಒಳ್ಳೆಯವರೇ ಇರಬಹುದು. ಆದರೆ ನಾಲ್ಕು ವರ್ಷದ ನಂತರ ಪರಿಶೀಲನಾ ಸಮಿತಿಯ ಮುಂದೆ ಆ ಮಾತಿಗೆ ಸಾಕ್ಷಿ ಹೇಳಲು ಅವರು ಇರುವುದಿಲ್ಲ. ಮತ್ತೊಂದು ಸೂಕ್ಷ್ಮವಿದೆ. ನಿಯೋಜನೆ (ಡೆಪ್ಯುಟೇಷನ್) ಮೇಲೆ ಇದ್ದ ಅವಧಿಯನ್ನು ವಾರ್ಷಿಕ ಶ್ರೇಣಿಯ ಲೆಕ್ಕದಿಂದ ಹೊರಗಿಡಲು ಅದೇ ನಿಯಮಾವಳಿಯಲ್ಲಿ ಅವಕಾಶವಿದೆ. ‘ಹೆಚ್ಚುವರಿ ಪ್ರಭಾರ’ಕ್ಕೆ ಆ ರಕ್ಷಣೆ ಇಲ್ಲ. ಪರೀಕ್ಷಾ ವಿಭಾಗದಂತಹ ಪೂರ್ಣಾವಧಿ ಕೆಲಸಕ್ಕೆ ಹಾಕುವುದಾದರೆ ನಿಯೋಜನೆ ಎಂದೇ ಬರೆಯಬೇಕು.

ಇನ್ನು ಬೋಧನೆಯ ಹೊರಗಿನ ಚಟುವಟಿಕೆಗಳ ಲೆಕ್ಕ. ಮುಖ್ಯಸ್ಥ, ಸಂಯೋಜಕ, ವಾರ್ಡನ್ ಹೀಗೆ ಯಾವ ಆಡಳಿತ ಹೊಣೆಯಾದರೂ, ಎಷ್ಟಿದ್ದರೂ ಅದು ‘ಒಂದು’ ಚಟುವಟಿಕೆ. ‘ಉತ್ತಮ’ ಎನಿಸಿಕೊಳ್ಳಲು ಮೂರು ಬೇಕು. ಅಂದರೆ ನಾಲ್ಕು ಕುರ್ಚಿಯಲ್ಲಿ ಕೂತವರಿಗೂ ಒಂದೇ ಅಂಕಣ ತುಂಬುತ್ತದೆ! ಪರೀಕ್ಷಾ ಕರ್ತವ್ಯ ಮಾತ್ರ ಬೇರೆ ಅಂಕಣಕ್ಕೆ ಬರುತ್ತದೆ. ಆದ್ದರಿಂದ ಒಬ್ಬರ ಮೇಲೇ ನಾಲ್ಕು ಆಡಳಿತ ಹೊಣೆ ಹೇರುವ ಬದಲು ನಾಲ್ವರಿಗೆ ಹಂಚುವುದು ಕಿರಿಯರೆಲ್ಲರಿಗೂ ಲಾಭ. ಮುಂದೆ 12ನೇ ಹಂತದಿಂದ ಸಹ ಪ್ರಾಧ್ಯಾಪಕ ಹುದ್ದೆಗೆ ಏಳು ಪ್ರಕಟಣೆ ಬೇಕು, ಪಿಎಚ್‌.ಡಿ. ಮಾರ್ಗದರ್ಶನದ ದಾಖಲೆಯೂ ಬೇಕು. ಶುರುವಿನ ನಾಲ್ಕು ವರ್ಷವನ್ನು ಕಡತಕ್ಕೇ ಕೊಟ್ಟವರು ಅದನ್ನು ಎಲ್ಲಿಂದ ತರಬೇಕು?

ಬಡ್ತಿ ತಡವಾದರೆ ಸಂಬಳಕ್ಕೆ ಪೆಟ್ಟು. ಲೆಕ್ಕಪತ್ರದಲ್ಲಿ ಎಡವಿದರೆ ನಿವೃತ್ತಿ ಸೌಲಭ್ಯಗಳಿಗೇ ಪೆಟ್ಟು. ವಿಚಾರ ಸಂಕಿರಣಕ್ಕೋ ಪರೀಕ್ಷೆಗೋ ಮುಂಗಡ ಬಿಡುಗಡೆಯಾಗುವುದು ಸಂಯೋಜಕರ ಹೆಸರಿಗೆ. ಕಾರ್ಯಕ್ರಮ ಮುಗಿಯುತ್ತದೆ, ಬಿಲ್ಲುಗಳಲ್ಲಿ ಅರ್ಧಕ್ಕೆ ಜಿಎಸ್‌ಟಿ ಸಂಖ್ಯೆ ಇರುವುದಿಲ್ಲ, ಸಂಭಾವನೆ ರಸೀದಿಗೆ ಸಹಿ ಹಾಕಿಸುವುದು ಮರೆತುಹೋಗಿರುತ್ತದೆ. ಅಷ್ಟರಲ್ಲಿ ಹಣಕಾಸು ಅಧಿಕಾರಿಗೆ ವರ್ಗಾವಣೆ. ಆ ಮೊತ್ತ ‘ಹೊಂದಾಣಿಕೆಯಾಗದ ಮುಂಗಡ’ ಎಂದು ಲೆಕ್ಕ ಪರಿಶೋಧನಾ ವರದಿಯಲ್ಲಿ ವರ್ಷದಿಂದ ವರ್ಷಕ್ಕೆ ಉಳಿದು, ಕೊನೆಗೆ ನಿವೃತ್ತಿಯ ಹೊತ್ತಿಗೆ ಬೇಬಾಕಿ ಪತ್ರಕ್ಕೆ ಅಡ್ಡ ಬರುತ್ತದೆ. ಖರೀದಿಯದೂ ಇದೇ ಕಥೆ. ಪಾರದರ್ಶಕತೆ ಕಾಯ್ದೆಯ ಟೆಂಡರ್ ಮಿತಿಯೊಳಗೆ ಇರಲೆಂದು ಒಂದೇ ಸಾಮಗ್ರಿಯನ್ನು ತುಂಡು ತುಂಡಾಗಿ ಕೊಳ್ಳುವ ಚಾಳಿ ಕಚೇರಿಗಳಲ್ಲಿ ಹಳೆಯದು. ಗುಮಾಸ್ತರು ‘ಹೀಗೇ ಮಾಡುವುದು ಸರ್’ ಎನ್ನುತ್ತಾರೆ, ಹೊಸಬರು ಸಹಿ ಹಾಕುತ್ತಾರೆ. ಆಕ್ಷೇಪಣೆ ಬರುವುದು ಸಹಿ ಹಾಕಿದವರ ಹೆಸರಿಗೆ.

ಪ್ರಭಾರ ವಹಿಸಿಕೊಳ್ಳುವ ದಿನವೇ ಸಿಟಿಸಿಗೆ (ಪ್ರಭಾರ ಹಸ್ತಾಂತರ ಪತ್ರ) ಸಹಿ ಮಾಡುವ ಮುನ್ನ ನಾಲ್ಕು ವಸ್ತುಗಳನ್ನು ಕಣ್ಣಾರೆ ನೋಡಿ ಪಟ್ಟಿ ಮಾಡಿಕೊಳ್ಳಬೇಕು: ದಾಸ್ತಾನು ವಹಿ, ಬಾಕಿ ಮುಂಗಡಗಳ ಪಟ್ಟಿ, ಉತ್ತರಿಸದ ಆಡಿಟ್ ಕಂಡಿಕೆಗಳು, ನ್ಯಾಯಾಲಯದಲ್ಲಿರುವ ಪ್ರಕರಣಗಳು. ವಹಿಯಲ್ಲಿ 40 ಕಂಪ್ಯೂಟರ್ ಇದ್ದು ಕೋಣೆಯಲ್ಲಿ 31 ಇದ್ದರೆ, 31 ಎಂದೇ ಬರೆದು ಸಹಿ ಮಾಡಬೇಕು. ಹಿಂದಿನವರಿಗೆ ಬೇಜಾರಾದೀತು ಎಂಬ ದಾಕ್ಷಿಣ್ಯ ಇಲ್ಲಿ ಸಲ್ಲದು. ಪರೀಕ್ಷಾರ್ಥ ಅವಧಿ (ಪ್ರೊಬೇಷನ್) ಮುಗಿಯದವರಿಗಂತೂ ಹಣ ಸೆಳೆಯುವ ಅಧಿಕಾರವನ್ನೇ ಕೊಡಬಾರದು.

ಪರೀಕ್ಷಾ ವಿಭಾಗದ ಸಂಕಟ ಬೇರೆ ಬಗೆಯದು. ಒಂದು ವಿಷಯಕ್ಕೆ ಒಬ್ಬರೇ ಕಾಯಂ ಅಧ್ಯಾಪಕರಿದ್ದಲ್ಲಿ ಪಠ್ಯಕ್ರಮ ಬರೆದವರು, ಪ್ರಶ್ನೆಪತ್ರಿಕೆ ಪರಿಶೀಲಿಸಿದವರು, ಮೌಲ್ಯಮಾಪನ ಮಾಡಿದವರು, ವಿದ್ಯಾರ್ಥಿಯ ದೂರು ಕೇಳುವವರು ಎಲ್ಲ ಅವರೇ. ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ತಪ್ಪು ಹಿಡಿಯಲು ಎರಡನೇ ಕಣ್ಣಿಲ್ಲ. ಹತ್ತಿರದ ಹಳೆಯ ವಿ.ವಿ.ಯ ಪ್ರಾಧ್ಯಾಪಕರನ್ನು ಪರೀಕ್ಷಾ ಮಂಡಳಿಗೆ ತರಬಹುದು, ತರುತ್ತಾರೆ ಕೂಡ. ಆದರೆ ಸಂಭಾವನೆ ಬಿಲ್ಲು ತಿಂಗಳುಗಟ್ಟಲೆ ಕೂತರೆ ಎರಡನೇ ಸಲ ಫೋನೇ ಎತ್ತುವುದಿಲ್ಲ. ಪ್ರವೇಶ, ಪರೀಕ್ಷೆ, ಅಂಕಗಳ ಕೆಲಸ ನಡೆಯುವ ರಾಜ್ಯದ ಏಕೀಕೃತ ತಂತ್ರಾಂಶ ಯುಯುಸಿಎಂಎಸ್‌ನ ಪಾಸ್‌ವರ್ಡನ್ನು ಡೇಟಾ ಎಂಟ್ರಿ ಮಾಡುವವರ ಕೈಗೆ ಕೊಡುವ ಅಭ್ಯಾಸವೂ ಕೆಲಸದ ಒತ್ತಡದಿಂದಲೇ ಹುಟ್ಟಿದ್ದು. ಅಂಕ ಬದಲಾದರೆ ದಾಖಲೆಯಲ್ಲಿ ಉಳಿಯುವುದು ಲಾಗಿನ್ ಯಾರದೋ ಅವರ ಹೆಸರು. ಇದನ್ನು ಹೊಸ ಸಂಯೋಜಕರಿಗೆ ಮೊದಲ ದಿನವೇ ಹೇಳಬೇಕು.

ಅಧ್ಯಯನ ಮಂಡಳಿಗಳ ಬಗ್ಗೆ ಒಂದೇ ಮಾತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪಠ್ಯಕ್ರಮ ಕಟ್ಟಿ ಒಣಗುವ ಮುನ್ನವೇ ಮತ್ತೆ ಕಟ್ಟಬೇಕಾಯಿತು. ಆ ರಾತ್ರಿಗಳ ಲೆಕ್ಕ ಯಾವ ಸೇವಾ ಪುಸ್ತಕದಲ್ಲೂ ಇಲ್ಲ.

ಉನ್ನತ ಶಿಕ್ಷಣ ಇಲಾಖೆ ಹೊಸ ಹುದ್ದೆ ಮಂಜೂರು ಮಾಡಲು ಸಮಯ ಹಿಡಿಯುತ್ತದೆ, ಒಪ್ಪೋಣ. ಪ್ರಭಾರ ಆದೇಶಕ್ಕೆ ಒಂದು ನಮೂನೆ ಹೊರಡಿಸಲು ಹಣವೂ ಬೇಡ, ಸಂಪುಟದ ಒಪ್ಪಿಗೆಯೂ ಬೇಡ. ಅದರಲ್ಲಿ ಅವಧಿ ಒಂದು ವರ್ಷ ಅಥವಾ ಎರಡು ಎಂದು ದಿನಾಂಕ ಸಹಿತ ಇರಲಿ. ಎಷ್ಟು ಗಂಟೆಯ ಪಾಠ ಕಡಿತ, ಎಷ್ಟು ಮೊತ್ತದವರೆಗೆ ಸಹಿ ಅಧಿಕಾರ, ಪ್ರಭಾರ ಭತ್ಯೆ ಸಿಗುತ್ತದೋ ಇಲ್ಲವೋ, ರಜೆಯಲ್ಲಿದ್ದಾಗ ಯಾರು ನೋಡಿಕೊಳ್ಳಬೇಕು, ಇವೂ ಇರಲಿ. ಮಾತೃ ವಿ.ವಿ.ಯ ಅನುಭವಿ ಉಪಕುಲಸಚಿವರೊಬ್ಬರನ್ನು ತಿಂಗಳಿಗೆ ಎರಡು ದಿನ ಸಲಹೆಗೆ ಕಳಿಸುವ ಏರ್ಪಾಡನ್ನೂ ಅದೇ ಸುತ್ತೋಲೆಯಲ್ಲಿ ಸೇರಿಸಬಹುದು. ಮುಂದಿನ ಸೆಮಿಸ್ಟರಿನ ವೇಳಾಪಟ್ಟಿ ಸಿದ್ಧವಾಗುವ ಮೊದಲೇ ಅದು ಕುಲಸಚಿವರ ಮೇಜಿಗೆ ತಲುಪಿದರೆ ಮಾತ್ರ ಪ್ರಯೋಜನ. ವೇಳಾಪಟ್ಟಿ ಅಂಟಿಸಿದ ಮೇಲೆ ಪಾಠ ಕಡಿತ ಮಾಡಲು ಬರುವುದಿಲ್ಲ.

ಇಂತಿ,
ವಿಶ್ವವಿದ್ಯಾಲಯಗಳ ಕೆಲವು ಅಧ್ಯಾಪಕರು