ಆರ್‌ಸಿ ಇಲ್ಲದೆ ಕಾರು ಮಾರಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಹಳೆ ಕಾರು ಮಾರಾಟ ಮಳಿಗೆ, ಶಿವಮೊಗ್ಗ

ವಿಷಯ: ನಿಮ್ಮಲ್ಲಿ ಕೊಂಡ ಕಾರನ್ನು ನನ್ನ ಹೆಸರಿಗೆ ಮಾಡಿಸಿಕೊಡುವ ಬಗ್ಗೆ

ಮಾನ್ಯರೇ,

ಅಡಿಕೆ ಮಾರಿ ಬಂದ ದುಡ್ಡಿನಲ್ಲಿ ನಿಮ್ಮ ಮಳಿಗೆಯಿಂದ 2,85,000 ರೂಪಾಯಿ ಕೊಟ್ಟು ಕೆಎ-14 ನಂಬರಿನ ಹಳೆ ಕಾರು ಕೊಂಡಿದ್ದೇನೆ. ಪೂರ್ತಿ ಹಣ ಒಂದೇ ಸಲ ನಿಮ್ಮ ಖಾತೆಗೆ ಹಾಕಿದ್ದೇನೆ. ರಸೀದಿಯಲ್ಲಿ ‘ಹೆಸರು ವರ್ಗಾವಣೆ ಸೇರಿ’ ಅಂತ ನಿಮ್ಮವರೇ ಬರೆದು ಸೀಲು ಹಾಕಿದ್ದಾರೆ. ಕಾರು ಮನೆಗೆ ಬಂತು, ಆರ್‌ಸಿ (ನೋಂದಣಿ ಪತ್ರ) ಮಾತ್ರ ಇನ್ನೂ ಬಂದಿಲ್ಲ.

ಕೇಳಿದಾಗಲೆಲ್ಲ ‘ಮುಂದಿನ ವಾರ ಬನ್ನಿ’ ಅನ್ನೋ ಮಾತು. ತೀರ್ಥಹಳ್ಳಿ ಕಡೆಯಿಂದ ತೋಟದ ಕೆಲಸ ಬಿಟ್ಟು ಬರುವವರಿಗೆ ಅದೇನು ಸಣ್ಣ ವಿಷಯವೇ? ಕೊನೆಗೆ ನಾನೇ ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿದೆ. ಕಾರಿನ ಮೇಲೆ ಬ್ಯಾಂಕ್ ಸಾಲ ಇನ್ನೂ ಹಾಗೇ ಇದೆ. ನೀವು ನನಗೆ ಕೊಟ್ಟ ಜೆರಾಕ್ಸ್‌ನಲ್ಲಿ ಆರ್‌ಸಿ ಕಾರ್ಡಿನ ಮುಂಭಾಗ ಮಾತ್ರ ಇದೆ, ಸಾಲದ ವಿವರ ಇರುವ ಹಿಂಭಾಗ ಇಲ್ಲ. ಸಾಲದ ವಿಷಯ ನಿಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಸಾಲ ತೀರಿದ ಮೇಲೆ ಬ್ಯಾಂಕಿನ ಎನ್‌ಒಸಿ (ತಕರಾರಿಲ್ಲ ಎಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಬೇಕು. ಆಮೇಲೆ ಹೆಸರು ವರ್ಗಾವಣೆಗೆ ಹಳೆ ಮಾಲೀಕರ ಸಹಿ ಇರುವ ಫಾರಂ 29, 30 ಬೇಕು. ಇವಿಲ್ಲದೆ ಕಾರು ನನ್ನ ಹೆಸರಿಗೆ ಆಗುವುದಿಲ್ಲ. ‘ಹಳೆ ಮಾಲೀಕರು ಫೋನ್ ಎತ್ತುತ್ತಿಲ್ಲ’ ಅಂತ ನಿಮ್ಮ ಹುಡುಗ ಹೇಳಿದ. ಅವರ ಕೈಯಿಂದ ಕಾರು ತಗೊಂಡವರು ನೀವು, ನಾನಲ್ಲ. 2023ರ ಏಪ್ರಿಲ್ 1ರಿಂದ ಬಂದ ನಿಯಮದ ಪ್ರಕಾರ ಹಳೆ ವಾಹನ ಮಾರುವ ಡೀಲರ್‌ಗೆ ಆರ್‌ಟಿಒ ಪರವಾನಗಿ ಇರಬೇಕು. ಮಾಲೀಕರು ಡೀಲರ್‌ಗೆ ಕಾರು ಒಪ್ಪಿಸಿದಾಗ ಫಾರಂ 29ಸಿ ಮೂಲಕ ಆರ್‌ಟಿಒಗೆ ತಿಳಿಸಬೇಕು. ಹಾಗೆ ಮಾಡಿದ್ದರೆ ವರ್ಗಾವಣೆಗೆ ನೀವೇ ಅರ್ಜಿ ಹಾಕಬಹುದಿತ್ತು. ನಿಮ್ಮ ಪರವಾನಗಿ ಮತ್ತು ಆ ಫಾರಂನ ಪ್ರತಿ ನನಗೆ ಬೇಕು.

ನನ್ನ ಚಿಂತೆ ಬರೀ ಕಾಗದದ್ದಲ್ಲ. ಕಂತು ಕಟ್ಟಿಲ್ಲ ಅಂತ ಬ್ಯಾಂಕಿನವರು ಬಂದು ಕಾರು ಎಳೆದುಕೊಂಡು ಹೋದರೆ ನಾನು ಯಾವ ಬಾಯಲ್ಲಿ ನನ್ನದು ಅನ್ನಲಿ? ಮಳೆಗಾಲದಲ್ಲಿ ನಮ್ಮ ಕಡೆ ರಸ್ತೆಗೆ ಮರ ಬೀಳೋದು ಮಾಮೂಲು. ಕಾರು ಜಖಂ ಆದರೆ ವಿಮೆ ಕೇಳೋಣವೆಂದರೆ ಪಾಲಿಸಿಯೂ ಹಳೆಯವರ ಹೆಸರಲ್ಲೇ ಇದೆ. ಅಮ್ಮನನ್ನು ಡಯಾಲಿಸಿಸ್‌ಗೆ ಶಿವಮೊಗ್ಗಕ್ಕೆ ಕರೆತರಲು ಅಂತಲೇ ಕೊಂಡ ಕಾರಿದು. ಈಗ ಅದು ಶೆಡ್ಡಲ್ಲಿ ನಿಂತಿದೆ, ನಾವು ಬಾಡಿಗೆ ಗಾಡಿಯಲ್ಲಿ ಓಡಾಡುತ್ತಿದ್ದೇವೆ. ಇದು ನನಗೆ ತುಂಬಾ ನೋವಾಗಿರುವ ವಿಷಯ.

ಈ ಪತ್ರ ತಲುಪಿದ 15 ದಿನದೊಳಗೆ ಸಾಲ ತೀರಿಸಿ, ಎನ್‌ಒಸಿ ತಂದು, ಆರ್‌ಸಿಯನ್ನು ನನ್ನ ಹೆಸರಿಗೆ ಮಾಡಿಸಿಕೊಡಿ. ಆಗದಿದ್ದರೆ ಕಾರು ವಾಪಸ್ ತಗೊಂಡು ಪೂರ್ತಿ ಹಣ ಮತ್ತು ಇದುವರೆಗಿನ ಬಾಡಿಗೆ ಗಾಡಿ ಖರ್ಚು ಕೊಡಿ. ಬೇರೆ ಕಾರು ಕೊಡುತ್ತೇವೆ ಅನ್ನೋದನ್ನು ನಾನು ಒಪ್ಪುವುದಿಲ್ಲ. ಎರಡೂ ಆಗದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಉತ್ತರ ಫೋನಿನಲ್ಲಿ ಬೇಡ. ಸಹಿ, ಸೀಲು ಹಾಕಿ ಪತ್ರದಲ್ಲೇ ಕೊಡಿ. ರಸೀದಿ, ಹಣ ಹಾಕಿದ ದಾಖಲೆ ಮತ್ತು ನೀವು ಕೊಟ್ಟ ಜೆರಾಕ್ಸಿನ ಪ್ರತಿ ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ತೀರ್ಥಹಳ್ಳಿ ತಾಲ್ಲೂಕು